ಗಾಳಿಗೆ ಬೆನ್ನು ಹಾಕಿದ ದೋಣಿ

"ಹುಟ್ಟು ಬಿಡಬೇಡಿ ಮೇಡಂ. ಹೆದರಿಕೆ ಆದ್ರೂ ಪರವಾಗಿಲ್ಲ, ಹುಟ್ಟು ಮಾತ್ರ ಬಿಡಬೇಡಿ."

ಹೇಳುವವರಿಗೇನು, ಹೇಳಿಬಿಡುತ್ತಾರೆ. ಇನ್‌ಸ್ಪೆಕ್ಟರ್ ಜೀವಮಾನದಲ್ಲಿ ಸೊಂಟಕ್ಕಿಂತ ಆಳದ ನೀರಿಗೆ ಇಳಿದವಳಲ್ಲ. ಕಳ್ಳರ ಹಿಂದೆ ಮಾಡು ಹತ್ತಿದ್ದಳು, ಹೊತ್ತಿ ಉರಿಯುತ್ತಿದ್ದ ಗೋದಾಮಿಗೆ ನುಗ್ಗಿದ್ದಳು. ಸಮುದ್ರದ ತಂಟೆಗೆ ಮಾತ್ರ ಹೋಗಿರಲಿಲ್ಲ. ಈಗ ನೋಡಿದರೆ, ಸೊಂಟದಷ್ಟೇ ಅಗಲದ ಕಯಾಕಿನೊಳಗೆ ಕಾಲು ಚಾಚಿ ಕೂತಿದ್ದಾಳೆ. ಪಕ್ಕದ ಕಯಾಕಿನಲ್ಲಿ ದೋಣಿ ಮೇಸ್ತ್ರಿ. ಎರಡು ದೋಣಿಗಳ ನಡುವೆ ಒಂದು ಹಗ್ಗ. ಆಕೆಯ ಪ್ರಾಣ ಸದ್ಯಕ್ಕೆ ಆ ಹಗ್ಗದಲ್ಲಿತ್ತು.

ಈ ಮೇಸ್ತ್ರಿಯ ದೊಡ್ಡ ಮಗಳು ಹೋದ ವಾರ ಇಂಥದೇ ದೋಣಿಯಲ್ಲಿ ಹೋಗಿ ಹೆಣವಾಗಿ ಬಂದಿದ್ದಳು. ಚಿಕ್ಕ ಮಗಳು ಅಕ್ಕನನ್ನು ಕೊಂದ ಆರೋಪದ ಮೇಲೆ ನಿನ್ನೆಯಿಂದ ಲಾಕಪ್ಪಿನಲ್ಲಿದ್ದಳು; ಘಟನೆಯ ಹಿಂದಿನ ಸಂಜೆ ಅವಳನ್ನು ಆ ದೋಣಿಯ ಬಳಿ ಕಂಡವರಿದ್ದರು. ಇವತ್ತು ಮಧ್ಯಾಹ್ನ ಅವಳನ್ನು ಕೋರ್ಟಿಗೆ ಹಾಜರುಪಡಿಸಬೇಕಿತ್ತು.

"ಗಾಳಿ ದಡದಿಂದ ಸಮುದ್ರದ ಕಡೆ ಬೀಸ್ತಿದೆ. ಅವತ್ತೂ ಹೀಗೇ ಇತ್ತು, ಇದಕ್ಕಿಂತ ಜೋರು," ಮೇಸ್ತ್ರಿ ಹೇಳಿದರು. "ನೀವೀಗ ದಡಕ್ಕೆ ಸಮವಾಗಿ ನೇರ ಹೋಗಿ. ಸ್ಕೆಗ್ ಮೇಲೇ ಇರಲಿ. ಗುಂಡಿ ಮುಟ್ಟಬೇಡಿ."

ಸ್ಕೆಗ್ ಅಂದರೆ ಏನೆಂದು ಆಕೆಗೆ ಬೆಳಿಗ್ಗೆಯಷ್ಟೇ ಗೊತ್ತಾಗಿತ್ತು. ದೋಣಿಯ ಬಾಲದ ಹತ್ತಿರ, ಹೊಟ್ಟೆಯಡಿ ಒಂದು ಸೀಳು. ಅದರೊಳಗಿಂದ ಮೀನಿನ ರೆಕ್ಕೆಯಂಥ ಹಲಗೆ ಇಳಿಯುತ್ತದೆ, ಮೇಲೇರುತ್ತದೆ, ಅಷ್ಟೇ. ಚುಕ್ಕಾಣಿಯ ಹಾಗೆ ಎಡಕ್ಕೆ ಬಲಕ್ಕೆ ತಿರುಗುವುದಿಲ್ಲ. ಕೂತವರ ಎಡಗೈ ಬಳಿ ಒಂದು ಗುಂಡಿ. ಅದನ್ನು ಹಿಂದೆ ಮುಂದೆ ಸರಿಸಿದರೆ, ಬಾಲದವರೆಗೆ ಹೋದ ದಾರ ಹಲಗೆಯನ್ನು ಮೇಲೆಳೆದು ಹಿಡಿಯುತ್ತದೆ; ದಾರ ಸಡಿಲವಾದರೆ ಒಂದು ಎಲಾಸ್ಟಿಕ್ಕು ಅದನ್ನು ಕೆಳಗೆಳೆಯುತ್ತದೆ.

ಆಕೆ ಹುಟ್ಟು ಹಾಕಿದಳು. ಎಡ, ಬಲ, ಎಡ. ನಾಲ್ಕಾರು ಬಾರಿ ನೀರು ತಳ್ಳುವಷ್ಟರಲ್ಲಿ ದೋಣಿಯ ಮೂಗು ತಾನಾಗಿಯೇ ದಡದ ಕಡೆ ತಿರುಗತೊಡಗಿತು. ಸರಿಪಡಿಸಿದಳು. ಮತ್ತೆ ತಿರುಗಿತು. ಮನೆಗೆ ಹೊರಟ ಕತ್ತೆಯನ್ನು ಕಿವಿ ಹಿಡಿದು ಎಳೆದಂತಾಯಿತು ಆಕೆಯ ಪಾಡು.

"ನೇರ ಹೋಗ್ತಿಲ್ಲ ಇದು!"

"ಹೋಗಲ್ಲ. ಸ್ಕೆಗ್ ಮೇಲಿದ್ರೆ ದೋಣಿ ಗಾಳಿ ಬಂದ ಕಡೆಗೇ ಮೂಗು ತಿರುಗಿಸುತ್ತೆ. ಈಗ ಗುಂಡಿ ಪೂರ್ತಿ ಹಿಂದಕ್ಕೆ ಸರಿಸಿ."

ಸರಿಸಿದಳು. ಬಾಲದಲ್ಲಿ ಟಕ್ ಎಂದಿತು. ಅಲ್ಲಿಯವರೆಗೆ ದಡ ನೋಡುತ್ತಿದ್ದ ಮೂಗು ನಿಧಾನವಾಗಿ, ಮನಸ್ಸು ಬದಲಾಯಿಸಿದವರ ಹಾಗೆ, ತೆರೆದ ಸಮುದ್ರದ ಕಡೆ ಹೊರಳಿತು. ಗಾಳಿ ಬೆನ್ನಿಗೆ ಬಿತ್ತು. ದೋಣಿ ಓಡಿತು. ಆಕೆ ಹಲ್ಲು ಕಚ್ಚಿ ಒಂದೇ ಕಡೆ ಹುಟ್ಟು ಹಾಕಿದರೂ ಮೂಗು ದಡಕ್ಕೆ ಬರಲೊಲ್ಲದು. ಭುಜ ಬಿದ್ದುಹೋದವು. ಕೊನೆಗೆ ಹಗ್ಗ ಬಿಗಿಯಾಗಿ ಮೇಸ್ತ್ರಿಯ ದೋಣಿ ಆಕೆಯನ್ನು ಜಗ್ಗಿ ನಿಲ್ಲಿಸಿತು.

"ಗುಂಡಿ ಮುಂದಕ್ಕೆ," ಅಂದರು ಮೇಸ್ತ್ರಿ. ಮುಂದೂಡಿದಳು. ದೋಣಿ ಮತ್ತೆ ಮೆಲ್ಲಗೆ ಮನೆಯ ಕಡೆ ಮುಖ ಮಾಡಿತು.

ಮೇಸ್ತ್ರಿ ಹಗ್ಗ ಸುತ್ತಿಕೊಳ್ಳುತ್ತ ತಮ್ಮ ದೋಣಿಯನ್ನು ಹತ್ತಿರ ತಂದರು.

"ನಿಮ್ಮವರು ನನ್ನ ಮಗಳ ದೋಣೀಲಿ ಏನು ನೋಡಿದ್ರು?" ಮೇಸ್ತ್ರಿ ಕೇಳಿದರು.

"ಸ್ಕೆಗ್ಗಿನ ಸೀಳಿಗೆ ಒಂದು ಕಲ್ಲು ಬಡಿದು ಕೂರಿಸಿದ್ರು. ಹಲಗೆ ಮೇಲೇ ಸಿಕ್ಕಿಕೊಂಡಿತ್ತು, ಕೆಳಗೆ ಇಳೀತಿರಲಿಲ್ಲ."

"ಮೇಲೆ ಸಿಕ್ಕಿಕೊಂಡಿದ್ರೆ ಆ ದೋಣಿ ಅವಳನ್ನ ತಾನಾಗೇ ಮನೆಗೆ ತರ್ತಿತ್ತು ಮೇಡಂ." ಮುದುಕರ ದನಿ ಒಡೆಯಿತು. "ಕಣ್ಣು ಮುಚ್ಚಿಕೊಂಡು ಹುಟ್ಟು ಹಾಕಿದ್ರೂ ತರ್ತಿತ್ತು."

ಇನ್‌ಸ್ಪೆಕ್ಟರ್‌ಗೆ ಡಾಕ್ಟರು ಹೇಳಿದ್ದ ಮಾತು ನೆನಪಾಯಿತು. ಸತ್ತವಳ ಬಲ ಅಂಗೈಯಲ್ಲಿ ಅಡ್ಡಡ್ಡ ಒಂದು ನೇರ ಗಾಯ, ಹಲಗೆಯಂಚನ್ನು ಗಟ್ಟಿಯಾಗಿ ಹಿಡಿದು ಎಳೆದಾಡಿದಂತೆ. ದೋಣಿ ಮಗುಚದೆ ಸಿಕ್ಕಿತ್ತು, ಹುಟ್ಟನ್ನು ದೋಣಿಗೇ ಕಟ್ಟಿತ್ತು. ಅಂದರೆ ಅವಳು ಬಿದ್ದವಳಲ್ಲ, ಇಳಿದವಳು. ಕೆಳಗೆ ಇಳಿದು ಕೂತ ಸ್ಕೆಗ್ಗನ್ನು ಕೈಯಿಂದಲೇ ಮೇಲೆ ತಳ್ಳಲು ಬಾಲದ ಬಳಿ ಈಜಿದ್ದಳು. ಅಷ್ಟರಲ್ಲಿ ಗಾಳಿ ದೋಣಿಯನ್ನು ಅವಳ ಕೈಯಿಂದ ಕಸಿದುಕೊಂಡಿತ್ತು.

ನಡುನೀರಿನಲ್ಲಿ ದೋಣಿಯ ಹಿಂದೆ ಈಜಿದ ಆ ಹೆಂಗಸನ್ನು ನೆನೆದು ಇನ್‌ಸ್ಪೆಕ್ಟರ್ ತನ್ನ ಹುಟ್ಟನ್ನು ಇನ್ನೂ ಗಟ್ಟಿಯಾಗಿ ಹಿಡಿದಳು. ಕಲ್ಲು ಆಮೇಲೆ ಬಂದದ್ದು. ಹಾಗಾದರೆ ಅದನ್ನು ಇಟ್ಟವರು ಯಾರು?

"ದೋಣಿ ಸಿಕ್ಕ ದಿನ ಅದನ್ನ ದಡಕ್ಕೆ ಎಳೆದು ತಂದವರು ಯಾರು ಮೇಸ್ತ್ರಿ?"

"ಅಳಿಯ," ಅಂದರು ಮೇಸ್ತ್ರಿ. ಆ ಒಂದು ಶಬ್ದದಲ್ಲಿ ಇಷ್ಟು ವರ್ಷದ ಸಿಟ್ಟೆಲ್ಲ ಇತ್ತು.

* * *

ದೋಣಿ ಕಟ್ಟುವ ಶೆಡ್ಡಿನಲ್ಲಿ ರಾಳದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಗೋಡೆಗೆ ಒರಗಿಸಿದ ಅರೆಬರೆ ದೋಣಿಗಳು, ನೆಲದ ತುಂಬ ಮರಳುಕಾಗದದ ಚೂರುಗಳು. ನಡುವೆ, ಎರಡು ಮರದ ಸ್ಟ್ಯಾಂಡುಗಳ ಮೇಲೆ, ಪೊಲೀಸ್ ಸೀಲು ಹಾಕಿದ ಹಳದಿ ಕಯಾಕು. ಕಲ್ಲು ಸಿಕ್ಕ ಖುಷಿಯಲ್ಲಿ ಇಲಾಖೆಯವರು ಅದರ ಒಳಗನ್ನು ಸರಿಯಾಗಿ ತಡಕಿಯೂ ಇರಲಿಲ್ಲ.

ಅಳಿಯ, ಸತ್ತವಳ ಗಂಡ, ಬಂದ. ಕಯಾಕ್ ಕ್ಲಬ್ಬಿನ ಕೋಚ್. ಎತ್ತರದ ಆಳು, ಅಗಲ ಭುಜ, ದುಃಖದ ಮನೆಯಲ್ಲೂ ಇಸ್ತ್ರಿ ಕೆಡದ ಅಂಗಿ. ಅವನು ಚುಕ್ಕಾಣಿ ಪಕ್ಷ, ಮಾವ ಸ್ಕೆಗ್ ಪಕ್ಷ. ಬೇರೆ ಮನೆಗಳಲ್ಲಿ ಊಟಕ್ಕೆ ಕೂತಾಗ ಉಪ್ಪು ಹೆಚ್ಚಾಯಿತು ಕಡಿಮೆಯಾಯಿತು ಎಂದು ಮಾತಾಗುತ್ತದೆ; ಈ ಮನೆಯಲ್ಲಿ ಕಾಲು ಕೆರೆದು ಜಗಳವಾಗುತ್ತಿದ್ದದ್ದು ಇದಕ್ಕೇ.

"ಕೂತ್ಕೊಳ್ಳಿ," ಇನ್‌ಸ್ಪೆಕ್ಟರ್ ಅಂದಳು. "ನಂಗೆ ಈ ವಿಷಯ ಅಷ್ಟು ತಿಳಿಯಲ್ಲ. ಚುಕ್ಕಾಣಿ ಯಾಕೆ ಒಳ್ಳೇದು, ಹೇಳಿ."

ಕೋಚ್‌ಗೆ ಬೇಕಾಗಿದ್ದ ಪ್ರಶ್ನೆ. ಬೆನ್ನು ನೇರವಾಯಿತು.

"ಸಿಂಪಲ್ ಮೇಡಂ. ಚುಕ್ಕಾಣಿ ಕಾಲಲ್ಲಿರುತ್ತೆ. ಬಲಗಾಲು ಒತ್ತಿದ್ರೆ ಬಲಕ್ಕೆ, ಎಡಗಾಲು ಒತ್ತಿದ್ರೆ ಎಡಕ್ಕೆ. ಕೈಗೆ ಹುಟ್ಟು ಹಾಕೋದೊಂದೇ ಕೆಲಸ. ಹಿಂದಿನಿಂದ ಅಲೆ ಬಂದ್ರೂ ಹಿಡಿತ ತಪ್ಪಲ್ಲ."

"ಕಾಲೂರೋ ಪೆಡಲ್ಲೇ ಅಲ್ಲಾಡ್ತಾ ಇದ್ರೆ, ಅಲೆ ಹೊಡೆದಾಗ ಎಲ್ಲಿ ಕಾಲೂರೋದು?" ಮೂಲೆಯಿಂದ ಮೇಸ್ತ್ರಿ ಗೊಣಗಿದರು. "ಬಂಡೆಗೆ ತಾಗಿದ್ರೆ ಮುರಿದು ನೇತಾಡುತ್ತೆ."

"ಮಾವ, ಈಗ ಇದು ಬೇಕಾ?"

"ಬೇಕು," ಇನ್‌ಸ್ಪೆಕ್ಟರ್ ಅಂದಳು. "ಅದೇ ಸ್ಕೆಗ್ ದೋಣೀಲಿ, ಹಲಗೆ ಕೆಳಗೆ ಇಳೀದೇ ಇದ್ರೆ ಏನಾಗುತ್ತೆ?"

"ಏನಾಗುತ್ತೆ ಅಂದ್ರೆ? ದಿಕ್ಕು ತಪ್ಪುತ್ತೆ. ಚುಕ್ಕಾಣಿ ಮೇಲೆತ್ತಿದ ಹಾಗೇ. ತಿರುಗಿಸೋಕೆ ಏನೂ ಇರಲ್ಲ, ಗಾಳಿ ಎಳ್ಕೊಂಡು ಹೋಗಿಬಿಡುತ್ತೆ. ಪಾಪ, ಅವಳಿಗೆ ಆಗಿದ್ದೂ ಅದೇ ಅಲ್ವಾ?"

ಮೇಸ್ತ್ರಿ ಏಳಲು ಹೊರಟರು. ಇನ್‌ಸ್ಪೆಕ್ಟರ್ ಕೈಯೆತ್ತಿ ಕೂರಿಸಿದಳು. ಸ್ಕೆಗ್ ದೋಣಿ ನಡೆಸಿದ ಯಾರೂ ಹೇಳಲಾರದ ಮಾತು ಅದು. ಆಕೆಯ ಅಂಗಿ ಇನ್ನೂ ಒದ್ದೆಯಿತ್ತು. ಅರ್ಧ ಗಂಟೆಯ ಹಿಂದೆ ತನ್ನದೇ ಭುಜದಲ್ಲಿ ಕಲಿತ ಪಾಠ ಇನ್ನೂ ನೋಯುತ್ತಿತ್ತು.

"ನಾನು ಈಗಷ್ಟೇ ಹೋಗಿ ಬಂದೆ," ಆಕೆ ಮೆಲ್ಲಗೆ ಅಂದಳು. "ಹಲಗೆ ಮೇಲಿದ್ರೆ ದೋಣಿ ದಡಕ್ಕೆ ಬರುತ್ತೆ. ಸಮುದ್ರಕ್ಕೆ ಎಳೆಯೋದು ಹಲಗೆ ಪೂರ್ತಿ ಕೆಳಗಿದ್ದಾಗ. ಕಲ್ಲು ಇಟ್ಟವರಿಗೆ ಇದು ಗೊತ್ತಿರಲಿಲ್ಲ. ಚುಕ್ಕಾಣಿ ತಲೆಯವರು ಯಾರೋ ಇಟ್ಟಿದ್ದು."

ಕೋಚ್ ಮುಖ ಕಪ್ಪಿಟ್ಟಿತು.

"ನಾದಿನೀನೂ ಈಗ ಚುಕ್ಕಾಣಿ ದೋಣೀನೇ ನಡೆಸೋದು..."

"ಅವಳು ಈ ಶೆಡ್ಡಲ್ಲಿ ಸ್ಕೆಗ್ ನೋಡ್ತಾನೇ ಹುಟ್ಟಿ ಬೆಳೆದವಳು. ನಿಮ್ಮ ತಪ್ಪನ್ನ ಅವಳ ತಲೆಗೆ ಕಟ್ಟಬೇಡಿ. ಇನ್ನೊಂದು. ಇಲ್ಲಿನ ದಡ ಪೂರ್ತಿ ಮರಳು. ಆ ಕಲ್ಲು ನಿಮ್ಮ ಕ್ಲಬ್ಬಿನ ಅಂಗಳಕ್ಕೆ ಹಾಸಿರೋ ಜಲ್ಲಿ. ಇಲ್ಲಿಗೆ ಬರೋ ಮುಂಚೆ ಹೋಗಿ ಒಂದು ಹಿಡಿ ತಂದಿದೀನಿ, ನೋಡ್ತೀರಾ?"

ಅವನು ನೋಡಲಿಲ್ಲ. ನೆಲ ನೋಡಿದ. ಆಮೇಲೆ ಒಂದೊಂದೇ ಮಾತು ಹೊರಬಂತು.

"ಇಟ್ಟಿದ್ದು ನಾನೇ. ಕೊಲ್ಲೋಕಲ್ಲ. ದೋಣಿ ಎಳೆದು ಕ್ಲಬ್ಬಿನ ಹತ್ರ ತಂದಾಗ ಹಲಗೆ ಪೂರ್ತಿ ಕೆಳಗೆ ನೇತಾಡ್ತಿತ್ತು. ಗುಂಡಿ ಸರಿಸಿದ್ರೆ ಸಡಿಲ, ದಾರಾನೇ ಇಲ್ಲದ ಹಾಗೆ. ಯಾರೋ ಏನೋ ಮಾಡಿದಾರೆ ಅನ್ನಿಸ್ತು. ಅವತ್ತು ಆ ದೋಣೀಲಿ ಹೋಗಬೇಕಾಗಿದ್ದು ಅವಳಲ್ಲ ಮೇಡಂ. ನಾನು."

ಅವನು ಹಳದಿ ದೋಣಿಯ ಕಡೆ ಕೈ ತೋರಿಸಿದ.

"ಕ್ಲಬ್ಬಿಗೆ ಹೊಸ ದೋಣಿ ಸ್ಕೆಗ್ಗಿನದೋ ಚುಕ್ಕಾಣಿದೋ ಅಂತ ಜಗಳ ಇತ್ತಲ್ಲ. ಅವಳದ್ದು ನಾನು, ನನ್ನದು ಅವಳು ನಡೆಸಿ ನೋಡೋಣ ಅಂತ ಮಾತಾಗಿತ್ತು. ಬೆಳಿಗ್ಗೆ ಗಾಳಿ ನೋಡಿದೆ. ಕಾಲಲ್ಲಿ ಚುಕ್ಕಾಣಿ ಇಲ್ಲದೆ ಆ ಗಾಳಿಗೆ ಇಳಿಯೋಕೆ ಧೈರ್ಯ ಬರಲಿಲ್ಲ. ಆಗಲ್ಲ ಅಂದೆ. ಮಾವ ನಕ್ಕರು. ನಂಗೆ ಸಿಟ್ಟು ಬಂತು. 'ಅಷ್ಟು ನಂಬಿಕೆ ಇದ್ರೆ ನೀವೇ ಹೋಗಿ ತೋರಿಸಿ ಮಾವ' ಅಂದೆ. ಮಾವ ಹುಟ್ಟು ತಗೊಂಡು ಹೊರಟೇಬಿಟ್ರು. ಇವಳು ಓಡಿಬಂದು ಅವರ ಕೈಯಿಂದ ಹುಟ್ಟು ಕಿತ್ಕೊಂಡಳು. 'ನಿಮಗೆ ವಯಸ್ಸಾಯ್ತು ಅಪ್ಪ, ನಾನೇ ಹೋಗಿ ಬರ್ತೀನಿ' ಅಂದಳು."

"ಹೌದು," ಅಂದರು ಮೇಸ್ತ್ರಿ, ಯಾರಿಗೆ ಎಂದಿಲ್ಲದೆ.

"ಪೊಲೀಸರಿಗೆ ನಿಜ ಹೇಳದೆ ಕಲ್ಲು ಯಾಕೆ ಇಟ್ರಿ?"

"ಕಲ್ಲು ತಾನಾಗೇ ಸಿಕ್ಕಿಕೊಂಡಿದೆ, ಅಪಘಾತ ಅಂತ ಮುಗಿದುಹೋಗ್ಲಿ ಅಂತ. ನನ್ನನ್ನ ಕೊಲ್ಲೋಕೆ ಯಾರಿಗೆ ಕಾರಣ ಇತ್ತು ಅಂತ ನೀವು ಕೇಳ್ತಿದ್ರಿ."

"ಕೇಳ್ತೀನಿ. ನಿಮ್ಮ ಹೆಂಡತಿ ತೋಳಿನ ಮೇಲಿದ್ದ ಹಳೇ ಕಲೆಗಳ ಬಗ್ಗೆ ಡಾಕ್ಟರು ಹೇಳಿದಾರೆ. ಅದೇ ಕಾರಣಾನಾ?"

ಅವನು ಅಂಗಿಯ ತೋಳು ಸರಿಪಡಿಸಿಕೊಂಡ. ಆಕೆಗೆ ಅಷ್ಟೇ ಸಾಕಿತ್ತು. ಹೆಂಡತಿಗೆ ಹೊಡೆಯುವ ಕೈಗೆ, ಹೆಂಡತಿಯ ತಂಗಿ ಲಾಕಪ್ಪಿನಲ್ಲಿ ಕೊಳೆಯುವಾಗ ಒಂದು ಮಾತು ಬರೆದುಕೊಡುವ ತ್ರಾಣ ಇರಲಿಲ್ಲ. ಇಂಥ ಗಂಡಸರನ್ನು ಕಂಡರೆ ಇನ್‌ಸ್ಪೆಕ್ಟರ್‌ಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಉರಿಗೆ ಇದು ಹೊತ್ತಲ್ಲ.

ಆಕೆ ಹೆಡ್ ಕಾನ್‌ಸ್ಟೇಬಲ್‌ಗೆ ಫೋನು ಮಾಡಿದಳು. ಸ್ಟೇಷನ್ ಇದ್ದದ್ದು ರಸ್ತೆ ದಾಟಿದರೆ. "ಹುಡುಗೀನ ಕೋರ್ಟಿಗೆ ಕರ್ಕೊಂಡು ಹೋಗಬೇಡಿ. ಇಲ್ಲಿಗೆ ಕರ್ಕೊಂಡು ಬನ್ನಿ. ಸಾಹೇಬ್ರು ಕೇಳಿದ್ರೆ ನಾನು ಹೇಳ್ದೆ ಅನ್ನಿ. ಬೇಡಿ ಬೇಡ."

ಮೇಸ್ತ್ರಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡರು. ಬೆರಳುಗಳ ಸಂದಿಯಿಂದ ಉಸಿರು ಹೊರಬಂದದ್ದು ಇನ್‌ಸ್ಪೆಕ್ಟರ್‌ಗೆ ಕೇಳಿಸಿತು. ಇಬ್ಬರಲ್ಲಿ ಒಬ್ಬಳಾದರೂ ಮನೆಗೆ ಬರುತ್ತಾಳೆ ಎಂಬ ಉಸಿರು ಅದು.

* * *

ಇನ್ನು ದಾರ.

ದೋಣಿಯ ಹಿಂಭಾಗದಲ್ಲಿ ಒಂದು ಗುಂಡನೆಯ ಕಿಂಡಿ, ರಬ್ಬರ್ ಮುಚ್ಚಳದ್ದು. ಅಲೆ ಹೊಡೆದರೂ ನೀರು ನುಗ್ಗಬಾರದೆಂದು ಮೇಸ್ತ್ರಿ ತಮ್ಮ ದೋಣಿಗಳಿಗೆ ತೀರಾ ಸಣ್ಣ ಕಿಂಡಿ ಇಡುತ್ತಿದ್ದರು. ಇನ್‌ಸ್ಪೆಕ್ಟರ್ ಸೀಲು ಒಡೆದು ಮುಚ್ಚಳ ತೆಗೆದಳು, ಗಡಿಯಾರ ಬಿಚ್ಚಿ ಜೇಬಿಗೆ ಹಾಕಿದಳು, ತೋಳು ಮಡಚಿದಳು. ಸ್ಟೇಷನ್ನಿನವರು ಬೆನ್ನ ಹಿಂದೆ ಆಕೆಯನ್ನು ಕಡ್ಡಿ ಅನ್ನುತ್ತಿದ್ದದ್ದು ಆಕೆಗೆ ಗೊತ್ತಿತ್ತು. ಇವತ್ತು ಕಡ್ಡಿಯಾಗಿದ್ದದ್ದು ಕೆಲಸಕ್ಕೆ ಬಂತು. ಕೈ ಭುಜದವರೆಗೆ ಒಳಗೆ ಹೋಯಿತು, ಚರ್ಮ ತರಚಿತು, ಬೆರಳ ತುದಿಗೆ ದಾರ ಸಿಕ್ಕಿತು.

ಹೊರಗೆಳೆದು ಬೆಳಕಿಗೆ ಹಿಡಿದಳು. ನೈಲಾನ್ ದಾರ. ಮುಕ್ಕಾಲು ಪಾಲು ನುಣ್ಣಗೆ, ಚೂರಿ ಆಡಿಸಿದ ಗುರುತು. ಉಳಿದ ಎಳೆಗಳು ಮಾತ್ರ ಜಗ್ಗಿ ಹರಿದು ಜುಂಗು ಜುಂಗಾಗಿದ್ದವು.

"ಪೂರ್ತಿ ಕತ್ತರಿಸಿಲ್ಲ," ಆಕೆ ತನ್ನಷ್ಟಕ್ಕೇ ಅಂದಳು. "ದಡದಲ್ಲಿ ನೋಡಿದ್ರೆ ಎಲ್ಲ ಸರಿ ಕಾಣಬೇಕು. ನೀರಲ್ಲಿ ಜಗ್ಗಿದಾಗ ಹರಿಬೇಕು. ಹರಿದ್ರೆ ಎಲಾಸ್ಟಿಕ್ಕು ಹಲಗೇನ ಕೆಳಗೆ ಎಳ್ಕೊಂಡು ಅಲ್ಲೇ ಹಿಡಿಯುತ್ತೆ. ಸ್ಕೆಗ್ಗಿನ ಹೊಟ್ಟೆ ಕರುಳು ಎಲ್ಲ ಗೊತ್ತಿದ್ದವರ ಕೆಲಸ."

ಅಳಿಯನ ಕಡೆ ತಿರುಗಿದಳು. "ಕೈ ಹಾಕಿ."

"ನಾನ್ಯಾಕೆ—"

"ಹಾಕಿ."

ಹಾಕಿದ. ಅವನ ಹಿಡಿ ಕಿಂಡಿಯ ಅಂಚಿನಲ್ಲೇ ನಿಂತಿತು. ಬೆರಳಿನ ಗೆಣ್ಣು ದಾಟಲಿಲ್ಲ.

ಆಕೆ ಮೇಸ್ತ್ರಿಯನ್ನು ನೋಡಿದಳು. ಇಷ್ಟು ಹೊತ್ತು ಅಳಿಯನನ್ನು ಕಣ್ಣಲ್ಲೇ ಸುಡುತ್ತಿದ್ದ ಮುದುಕರು ಈಗ ಆಕೆಯ ಕೈಯಲ್ಲಿದ್ದ ದಾರವನ್ನೇ ನೋಡುತ್ತಿದ್ದರು. ಮುಖದಲ್ಲಿ ರಕ್ತವಿರಲಿಲ್ಲ.

"ಮೇಸ್ತ್ರಿ, ಈ ದಾರದ ಗಂಟು ಯಾರು ಹಾಕ್ತಿದ್ರು?"

"ನಾನೇ."

"ಕತ್ತರಿಸಿದ್ದು?"

"ಅದೂ ನಾನೇ ಮೇಡಂ. ಅಳಿಯ ಸಾಯ್ಲಿ ಅಂತ. ನನ್ನ ಮಗಳ ಮೈಮೇಲೆ ಕೈ ಮಾಡ್ತಿದ್ದ. ಬರ್ಕೊಳ್ಳಿ. ಸಹಿ ಹಾಕ್ತೀನಿ."

"ಅವತ್ತು ನೀವೇ ಆ ದೋಣಿ ಹತ್ತೋಕೆ ಹೊರಟಿದ್ರಲ್ಲ."

"ಬುದ್ಧಿ ಕೆಟ್ಟಿತ್ತು. ಬರ್ಕೊಳ್ಳಿ ಅಂದೆನಲ್ಲ."

ಆಕೆ ಪಕ್ಕಕ್ಕೆ ಸರಿದು ಕಿಂಡಿ ತೋರಿಸಿದಳು. ಹಾಗೆ ಮಾಡಲು ಮನಸ್ಸಿರಲಿಲ್ಲ. ಆದರೂ ಮಾಡಿದಳು.

ಮೇಸ್ತ್ರಿ ದೋಣಿಯ ಬಳಿ ಬಂದರು. ಜೀವಮಾನವಿಡೀ ಹಲಗೆ ಬಾಗಿಸಿದ ಕೈ, ಅಳಿಯನದಕ್ಕಿಂತ ದಪ್ಪ. ಬೆರಳು ಒಗ್ಗೂಡಿಸಿ ಒತ್ತಿದರು. ಹೋಗಲಿಲ್ಲ. ಮೊಣಕಾಲೂರಿ, ದೇಹದ ಭಾರವನ್ನೆಲ್ಲ ಬಿಟ್ಟು ಒತ್ತಿದರು. ಕಿಂಡಿಯ ಅಂಚು ಚರ್ಮ ಸುಲಿಯಿತು. ಹಳದಿ ಬಣ್ಣದ ಮೇಲೆ ರಕ್ತದ ಗೆರೆ ಇಳಿಯಿತು.

"ಹೋಗ್ತಿತ್ತು," ಅಂದರು. "ಆಗ ಹೋಗ್ತಿತ್ತು. ಈಗ ಕೈ ಊದಿದೆ."

"ಮೇಸ್ತ್ರಿ, ಸಾಕು."

"ಒಬ್ಬಳು ಹೋದಳು ಮೇಡಂ. ಉಳಿದಿರೋದು ಒಬ್ಬಳೇ. ನಾನೇ ಮಾಡಿದ್ದು ಅಂದ್ರೆ ನಿಮಗೇನು ನಷ್ಟ?"

ಇನ್‌ಸ್ಪೆಕ್ಟರ್ ದಾರವನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಈ ಶೆಡ್ಡಿನಲ್ಲಿ ಬಾಲದೊಳಗಿನ ಗಂಟು ಯಾವಾಗಲೂ ಇಬ್ಬರು ಹೆಣ್ಣುಮಕ್ಕಳ ಕೆಲಸ, ಸಣ್ಣ ಕೈಯವರ ಕೆಲಸ ಎಂಬುದು ಈಗ ಆಕೆಗೆ ಹೊಳೆದಿತ್ತು. ಬೆಳಗಿನಿಂದ ಜೀವ ಕೈಯಲ್ಲಿ ಹಿಡಿದು ನೀರಿಗಿಳಿದು ಆಕೆ ಬಿಡಿಸಿಕೊಂಡು ಬಂದದ್ದು ಅಂಥ ಕೈಯನ್ನೇ.

"ಅಪ್ಪ. ಕೈ ತೆಗೀರಿ."

ಚಿಕ್ಕವಳು ಬಾಗಿಲಲ್ಲಿ ನಿಂತಿದ್ದಳು. ಹಿಂದೆ ಏದುಸಿರು ಬಿಡುತ್ತ ಹೆಡ್ ಕಾನ್‌ಸ್ಟೇಬಲ್. ಲಾಕಪ್ಪಿನಲ್ಲಿ ಒಂದು ಮಾತೂ ಆಡದೆ ಕೂತಿದ್ದ ಹುಡುಗಿಯ ದನಿಯನ್ನು ಇನ್‌ಸ್ಪೆಕ್ಟರ್ ಕೇಳಿದ್ದು ಇದೇ ಮೊದಲು.

ಅವಳು ಬಂದು ಅಪ್ಪನ ಮುಂಗೈ ಹಿಡಿದು ಮೆಲ್ಲಗೆ ಬಿಡಿಸಿದಳು. ತನ್ನ ದುಪ್ಪಟ್ಟದ ತುದಿಯಿಂದ ಆ ರಕ್ತ ಒತ್ತಿದಳು.

"ಕತ್ತರಿಸಿದ್ದು ಅಕ್ಕ," ಅಂದಳು. "ಹಿಂದಿನ ದಿನ ಸಂಜೆ. ನಾನು ಟಾರ್ಚ್ ಹಿಡಿದಿದ್ದೆ."

ಮೇಸ್ತ್ರಿ ಮಗಳ ಮುಖ ನೋಡಿದರು. ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ದೋಣಿಗೆ ಒರಗಿ ನೆಲಕ್ಕೆ ಕುಸಿದರು.

"ನನ್ನ ಕೈಯಿಂದ ಹುಟ್ಟು ಕಿತ್ಕೊಂಡಳು," ಅಂದರು. "ಗೊತ್ತಿದ್ದೇ ಕಿತ್ಕೊಂಡಳು."

"ಸ್ಕೆಗ್ ಮುಟ್ಟದೆ ದಡದ ಪಕ್ಕದಲ್ಲೇ ಹೋಗಿ ಬಂದುಬಿಡ್ತೀನಿ, ನೀನು ಸುಮ್ನಿರು ಅಂತ ನನ್ನ ಕಿವೀಲಿ ಹೇಳಿ ಹೋದಳು ಅಪ್ಪ. ಆ ಎಳೆ ತಾನಾಗೇ ಹರಿಯುತ್ತೆ ಅಂತ ನಮಗೆ ಗೊತ್ತಿರಲಿಲ್ಲ." ಅವಳ ಕಣ್ಣಲ್ಲಿ ನೀರಿರಲಿಲ್ಲ, ಅಳು ಮುಗಿದು ಎಷ್ಟೋ ಕಾಲವಾದಂತಿತ್ತು. ಆಮೇಲೆ ತಲೆಯೆತ್ತಿ ಇನ್‌ಸ್ಪೆಕ್ಟರನ್ನು ನೋಡಿದಳು. "ಕತ್ತರಿಸೋವಾಗ ಹೊರಗೆ ಯಾರೋ ಕೆಮ್ಮಿದ್ರು ಮೇಡಂ. ಅಕ್ಕ ಟಾರ್ಚ್ ಆರಿಸು ಅಂದಳು. ಅದು ಭಾವನೇ ಅಂತ ಈಗ ಗೊತ್ತಾಗ್ತಿದೆ. ಬೆಳಿಗ್ಗೆ ಅವರು ಹೆದರಿದ್ದು ಗಾಳಿಗಲ್ಲ. ಆ ದೋಣಿ ಸರಿಯಿಲ್ಲ ಅಂತ ಗೊತ್ತಿದ್ದೇ ಅಪ್ಪನಿಗೆ ನೀವೇ ಹೋಗಿ ಅಂದ್ರು."

ಇನ್‌ಸ್ಪೆಕ್ಟರ್ ಕೋಚ್‌ನ ಕಡೆ ತಿರುಗಿದಳು.

ಅವನು ಇಲ್ಲ ಅನ್ನಲಿಲ್ಲ. ಹುಡುಗಿಯನ್ನೂ ನೋಡುತ್ತಿರಲಿಲ್ಲ, ಮಾವನನ್ನೂ ನೋಡುತ್ತಿರಲಿಲ್ಲ. ಬಾಗಿಲಿಗೆ ಅಡ್ಡವಾಗಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್‌ನ ಸೊಂಟದ ಪಿಸ್ತೂಲನ್ನು ನೋಡುತ್ತಿದ್ದ, ಅದಕ್ಕೂ ತನಗೂ ನಡುವಿನ ಹೆಜ್ಜೆಗಳನ್ನು ಎಣಿಸುವವನ ಹಾಗೆ.